ಸರ್ಕಾರಿ ಹೆಸರಿನ ಹಾಗೆ ಕಾಣುವ ವೆಬ್‌ಸೈಟ್: ದೂರು ಎಲ್ಲಿಂದ ಶುರು ಮಾಡಬೇಕು, ಹೆಸರನ್ನು ಹೇಗೆ ಬಿಡಿಸಿಕೊಳ್ಳಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಪಂಚಾಯಿತಿ ಸಿಬ್ಬಂದಿ, ಕಾಲೇಜು ಕಚೇರಿಯವರು, ದೇವಸ್ಥಾನ ಸಮಿತಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಹೆಸರಿನಂಗ ಇನ್ನೊಂದು ಸೈಟ್ ಐತ್ರಿ, ಬಂದ್ ಮಾಡಸೂದು ಹ್ಯಾಂಗ್ರಿ?" ದೂರು ಕೊಟ್ಟಿರುತ್ತಾರೆ, ಆದರೆ ಏನೂ ಆಗಿರುವುದಿಲ್ಲ.

ಹೆಚ್ಚಿನ ದೂರುಗಳು ಬಿದ್ದುಹೋಗಲು ಕಾರಣ ಕ್ರಮ ತಪ್ಪುವುದು. ಮೊದಲು ಸೈಟ್ ನಡೆಸುವವನಿಗೇ ಫೋನ್ ಮಾಡಿ ಬೈಯುತ್ತಾರೆ. ಅವನು ಅರ್ಧ ಗಂಟೆಯಲ್ಲಿ ಪುಟ ಅಳಿಸುತ್ತಾನೆ, ಸಾಕ್ಷ್ಯ ಹೋಯಿತು. ಇಲ್ಲವೇ ಡಾಟ್ ಕಾಮ್ ಹೆಸರಿನ ಬಗ್ಗೆ ಡಾಟ್ ಇನ್ ನೋಡಿಕೊಳ್ಳುವ ಕಚೇರಿಗೆ ಪತ್ರ ಬರೆಯುತ್ತಾರೆ. ಅಲ್ಲಿಂದ ಏನೂ ಆಗಲು ಸಾಧ್ಯವೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದು ಮುಗಿಯದೆ ಆರನೆಯದಕ್ಕೆ ಹಾರಬೇಡಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಒಂದು ಕಂಪ್ಯೂಟರ್ ಬೇಕು. ಮೊಬೈಲ್‌ನಲ್ಲಿ ವಿಳಾಸದ ಪಟ್ಟಿ ಚಿಕ್ಕದು, ಉದ್ದ ವಿಳಾಸದ ಅರ್ಧ ಭಾಗ ಕಾಣುವುದೇ ಇಲ್ಲ. ಒಂದು ಖಾಲಿ ಪೆನ್‌ಡ್ರೈವ್, ಪ್ರಿಂಟರ್, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ಕಚೇರಿಯ ಪರವಾಗಿ ದೂರು ಕೊಡುವುದಾದರೆ ಇನ್ನೂ ಮೂರು ಬೇಕು. ಕಚೇರಿಯ ಅಧಿಕೃತ ಇಮೇಲ್, ಮುಖ್ಯಸ್ಥರ ಸಹಿ ಇರುವ ಅಧಿಕಾರ ಪತ್ರ, ಮತ್ತು ಸಂಸ್ಥೆ ಯಾವ ಕಾಯ್ದೆ ಅಥವಾ ಆದೇಶದಿಂದ ಹುಟ್ಟಿದ್ದು ಅಂತ ತೋರಿಸುವ ಕಾಗದ. ಖಾಸಗಿ ಜಿಮೇಲ್‌ನಿಂದ "ನಾನು ಇಂಥ ಪಂಚಾಯಿತಿಯ ಪಿಡಿಒ" ಅಂತ ಬರೆದರೆ ಹೊರದೇಶದ ಕಂಪನಿ ಯಾಕೆ ನಂಬಬೇಕು? ಅವರ ಕಣ್ಣಿಗೆ ನೀವೇ ನಕಲಿಯವರ ಹಾಗೆ ಕಾಣುತ್ತೀರಿ.

ಹಂತ 1: ದುಡ್ಡು ಹೋಗಿದ್ದರೆ ಮೊದಲು 1930

ಯಾರಾದರೂ ಆ ಸೈಟಿನಲ್ಲಿ ಹಣ ಕಟ್ಟಿ ಕಳೆದುಕೊಂಡಿದ್ದರೆ ಉಳಿದದ್ದೆಲ್ಲ ಬದಿಗಿಡಿ. 1930 ಸಹಾಯವಾಣಿಗೆ ಕೂಡಲೇ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಅದರ ವಿಳಾಸ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸರಿಯುವ ಮೊದಲು ತಡೆಹಿಡಿಯುವುದು ಇದರ ಉದ್ದೇಶ, ಆದ್ದರಿಂದ ಗಂಟೆಗಳ ಲೆಕ್ಕದಲ್ಲಿ ಕೆಲಸ ಮಾಡಬೇಕು. ಯುಟಿಆರ್ ನಂಬರ್ (ಹಣ ವರ್ಗಾವಣೆಯ ಗುರುತಿನ ಸಂಖ್ಯೆ), ಹಣ ಹೋದ ಸಮಯ, ಯುಪಿಐ ಐಡಿ ಕೈಯಲ್ಲಿಟ್ಟುಕೊಂಡೇ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ.

ದುಡ್ಡು ಕಳೆದುಕೊಂಡವರೇ ಈ ದೂರು ಕೊಡಬೇಕು. ಕಚೇರಿ ಸಿಬ್ಬಂದಿ "ನಾವು ನೋಡ್ಕೋತೀವಿ" ಅಂತ ಭರವಸೆ ಕೊಟ್ಟು ಜನರನ್ನು ಮನೆಗೆ ಕಳಿಸಬಾರದು. ಆ ಒಂದು ಮಾತಿನಿಂದ ಬಡವರ ಹಣ ವಾಪಸ್ ಬರುವ ದಾರಿ ಮುಚ್ಚಿಹೋಗುತ್ತದೆ.

ಹಂತ 2: ವಿಳಾಸವನ್ನು ಹಿಂದಿನಿಂದ ಓದಿ

ವೆಬ್ ವಿಳಾಸವನ್ನು ಅಂಚೆ ವಿಳಾಸದ ಹಾಗೆ ಓದಬೇಕು. ಊರು, ಜಿಲ್ಲೆ, ಪಿನ್‌ಕೋಡ್ ಎಲ್ಲ ಕೊನೆಗೇ ಬರುತ್ತವೆ ಅಲ್ವಾ? ಇಲ್ಲಿಯೂ ಒಡೆಯ ಯಾರು ಅನ್ನುವುದು ಕೊನೆಯಲ್ಲಿರುತ್ತದೆ. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ ಎಲ್ಲಿ ಬರುತ್ತದೋ ನೋಡಿ. ಅಲ್ಲಿಂದ ಎಡಕ್ಕೆ ಓದುತ್ತಾ ಬನ್ನಿ.

ಉದಾಹರಣೆಗೆ, ಭೂಮಿ ದಾಖಲೆಯ ನಿಜವಾದ ವಿಳಾಸ "ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್". ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ ಇದೆ. ಈಗ ಒಂದು ಕಾಲ್ಪನಿಕ ವಿಳಾಸ ನೋಡಿ: "ಕರ್ನಾಟಕ ಡಾಟ್ ಗವ್ ಡಾಟ್ ಇನ್ ಡಾಟ್ ಉತಾರಸೇವೆ ಡಾಟ್ ಕಾಮ್". ಮುಂದೆ ಸರ್ಕಾರದ ಹೆಸರಿದೆ, ಆದರೆ ಒಡೆತನ "ಉತಾರಸೇವೆ ಡಾಟ್ ಕಾಮ್" ಕೊಂಡವನದು. ಡಾಟ್ ಕಾಮ್ ಕೊಂಡವನು ಅದರ ಮುಂದೆ ಏನು ಬೇಕಾದರೂ ಸೇರಿಸಬಹುದು.

ಇನ್ನೊಂದು ಚಾಲಾಕಿ ಅಡ್ಡಗೆರೆ. "ಗವ್-ಇನ್" ಅಂತ ಡಾಟ್ ಬದಲು ಅಡ್ಡಗೆರೆ ಹಾಕಿದರೆ ಅದು ಸರ್ಕಾರದ್ದಲ್ಲ. ಇಂಗ್ಲಿಷ್ ಅಕ್ಷರಗಳ ಆಟವೂ ಇದೆ. ಆರ್ ಮತ್ತು ಎನ್ ಒತ್ತಿಕೊಂಡು ಕೂತರೆ ಎಮ್ ಹಾಗೆ ಕಾಣುತ್ತವೆ. ಸಣ್ಣ ಎಲ್ ಜಾಗದಲ್ಲಿ ಒಂದು ಅಂಕಿ, ಓ ಜಾಗದಲ್ಲಿ ಸೊನ್ನೆ ಕೂರಿಸುತ್ತಾರೆ. ರಷ್ಯನ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷ್‌ನವುಗಳ ತದ್ರೂಪ. ಅಂಥ ವಿಳಾಸವನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ "ಎಕ್ಸ್‌ಎನ್" ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ವಿಚಿತ್ರ ಪದ ಕಂಡರೆ ಎಚ್ಚರ.

ಯಾವ ಕೊನೆ ಯಾರ ಕೈಯಲ್ಲಿ ಅಂತ ತಿಳಿದಿರಲಿ. ಡಾಟ್ ಗವ್ ಡಾಟ್ ಇನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ, ಅದನ್ನು ಕೊಡುವುದು ಎನ್‌ಐಸಿ, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಡಾಟ್ ಎಸಿ ಡಾಟ್ ಇನ್ ವಿದ್ಯಾಸಂಸ್ಥೆಗಳಿಗೆ, ಕೊಡುವುದು ಅರ್ನೆಟ್ ಇಂಡಿಯಾ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿಳಾಸ "ವಿಟಿಯು ಡಾಟ್ ಎಸಿ ಡಾಟ್ ಇನ್" ಆಗಿರುವುದು ಹಾಗೆ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2025ರಲ್ಲಿ ಡಾಟ್ ಬ್ಯಾಂಕ್ ಡಾಟ್ ಇನ್ ತಂದಿದೆ. ಆದರೆ ಬರೀ ಡಾಟ್ ಇನ್, ಡಾಟ್ ಕೋ ಡಾಟ್ ಇನ್, ಡಾಟ್ ಆರ್ಗ್ ಡಾಟ್ ಇನ್ ಯಾರು ಬೇಕಾದರೂ ಕೊಳ್ಳಬಹುದು.

ಇದರ ಉಲ್ಟಾ ಕೂಡ ನೆನಪಿಡಿ. ಡಾಟ್ ಗವ್ ಇಲ್ಲದ ಎಲ್ಲವೂ ನಕಲಿ ಅಲ್ಲ. ರೈಲು ಟಿಕೆಟ್‌ನ ಐಆರ್‌ಸಿಟಿಸಿ ಇರುವುದು ಡಾಟ್ ಕೋ ಡಾಟ್ ಇನ್‌ನಲ್ಲಿ. ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯೇ ಡಾಟ್ ಆರ್ಗ್ ಡಾಟ್ ಇನ್‌ನಲ್ಲಿದೆ. ಜಿಲ್ಲಾಡಳಿತದ ಸೈಟುಗಳು "ಬೆಳಗಾವಿ ಡಾಟ್ ಎನ್‌ಐಸಿ ಡಾಟ್ ಇನ್" ಅನ್ನುವ ರೂಪದಲ್ಲಿವೆ. ಅನುಮಾನ ಬಂದರೆ ಜಿಲ್ಲಾಧಿಕಾರಿ ಕಚೇರಿಯ ಎನ್‌ಐಸಿ ಜಿಲ್ಲಾ ಕೇಂದ್ರದಲ್ಲಿ ವಿಚಾರಿಸಿ.

ವಿಳಾಸದ ಪಕ್ಕದ ಬೀಗದ ಚಿತ್ರವನ್ನು ಮಾತ್ರ ನಂಬಬೇಡಿ. ನಿಮ್ಮ ಮತ್ತು ಸೈಟಿನ ನಡುವಿನ ಮಾತು ಬೇರೆಯವರಿಗೆ ಕೇಳದ ಹಾಗೆ ಗೂಢಲಿಪಿಯಲ್ಲಿ ಹೋಗುತ್ತದೆ ಅನ್ನುವುದಷ್ಟೇ ಅದರ ಅರ್ಥ. ಆ ಕಡೆ ಕೂತವನು ಯಾರು ಅಂತ ಅದು ಹೇಳುವುದಿಲ್ಲ. ಮೋಸದ ಸೈಟಿಗೂ ಆ ಪ್ರಮಾಣಪತ್ರ ಪುಕ್ಕಟೆ ಸಿಗುತ್ತದೆ.

ಹಂತ 3: ಯಾರಿಗೂ ಹೇಳುವ ಮೊದಲು ಸಾಕ್ಷ್ಯ ತೆಗೆಯಿರಿ

ಜಾಸ್ತಿ ಜನ ಎಡವುವುದು ಇಲ್ಲೇ. ಮೊಬೈಲ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಗ್ರೂಪಿನಲ್ಲಿ ಸುದ್ದಿ ಹಬ್ಬುತ್ತದೆ, ಸೈಟಿನವನಿಗೂ ಮುಟ್ಟುತ್ತದೆ. ಅದರ ಮೇಲೆ ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿಬಿಡುತ್ತದೆ, ವಿಳಾಸದ ಅಕ್ಷರಗಳು ಓದಲು ಬರುವುದಿಲ್ಲ.

ಹೀಗೆ ಮಾಡಿ. ಕಂಪ್ಯೂಟರ್‌ನಲ್ಲಿ ಸೈಟ್ ತೆರೆಯಿರಿ. ಪೂರ್ತಿ ವಿಳಾಸ, ಜೊತೆಗೆ ಕೆಳಗಿನ ದಿನಾಂಕ ಮತ್ತು ಸಮಯ ಕಾಣುವ ಹಾಗೆ ಇಡೀ ಪರದೆಯ ಚಿತ್ರ ತೆಗೆಯಿರಿ. ಮುಖಪುಟ, ಹಣ ಕಟ್ಟುವ ಪುಟ, ಸಂಪರ್ಕ ಪುಟ, ನಿಯಮಗಳ ಪುಟ ಎಲ್ಲವೂ ಬೇಕು. ಪ್ರತಿ ಪುಟವನ್ನು ಪಿಡಿಎಫ್ ಆಗಿಯೂ ಉಳಿಸಿ. ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ "ಇದು ಸರ್ಕಾರಿ ಸೈಟ್ ಅಲ್ಲ" ಅಂತ ಬರೆದಿದೆಯೇ ನೋಡಿ. ಇದ್ದರೆ ಅದರ ಚಿತ್ರವನ್ನೂ ತೆಗೆಯಿರಿ. ಅದು ನಿಮ್ಮ ವಾದಕ್ಕೆ ತೊಂದರೆ ಅಂತ ಮುಚ್ಚಿಡಬೇಡಿ. ಎದುರಿನವನು ಅದನ್ನು ಖಂಡಿತ ತೋರಿಸುತ್ತಾನೆ, ಆಗ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಅದೇ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ. ಮೂರನೆಯವರ ಬಳಿ ದಿನಾಂಕ ಸಮೇತ ಪ್ರತಿ ಇರುವುದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಸೈಟಿಗೆ ಕರೆತಂದ ಜಾಹೀರಾತು, ಎಸ್‌ಎಂಎಸ್, ವಾಟ್ಸ್ಆ್ಯಪ್ ಸಂದೇಶ ಸಿಕ್ಕರೆ ಅದೂ ಇರಲಿ.

ನೋಟ್‌ಬುಕ್ಕಿನಲ್ಲಿ ಯಾರು, ಯಾವ ಕಂಪ್ಯೂಟರ್‌ನಲ್ಲಿ, ಯಾವ ದಿನ ಎಷ್ಟು ಗಂಟೆಗೆ ತೆಗೆದದ್ದು ಅಂತ ಬರೆದಿಡಿ. ಕಾರಣ ಇದು: ವಿದ್ಯುನ್ಮಾನ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಜಾಗದಲ್ಲಿ ಈಗ ಇದಿದೆ. ಇದರಲ್ಲಿ ಎರಡು ಭಾಗ. ಒಂದಕ್ಕೆ ಕಂಪ್ಯೂಟರ್ ನೋಡಿಕೊಳ್ಳುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಉದ್ದನೆಯ ಗುರುತು. ಒಂದು ಅಕ್ಷರ ಬದಲಾದರೂ ಆ ಗುರುತು ಪೂರ್ತಿ ಬದಲಾಗುತ್ತದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಅನ್ನುವ ಉಪಕರಣದಿಂದ ಇದನ್ನು ತೆಗೆಯಬಹುದು. ತೆಗೆದ ದಿನವೇ ಬರೆದಿಟ್ಟುಕೊಂಡರೆ ಆಮೇಲೆ ಪರದಾಡುವುದು ತಪ್ಪುತ್ತದೆ.

ಒಂದು ಎಚ್ಚರಿಕೆ. ಪರೀಕ್ಷೆ ಮಾಡುತ್ತೇನೆ ಅಂತ ಆ ಸೈಟಿನಲ್ಲಿ ನಿಮ್ಮ ಆಧಾರ್ ನಂಬರ್, ಒಟಿಪಿ, ಕಾರ್ಡ್ ವಿವರ ಹಾಕಬೇಡಿ. ಅಲ್ಲಿಂದ ಯಾವ ಆ್ಯಪ್ ಕೂಡ ಇಳಿಸಿಕೊಳ್ಳಬೇಡಿ.

ಹಂತ 4: ಹೆಸರು ಯಾರ ಕೈಯಲ್ಲಿದೆ ಅಂತ ಹುಡುಕಿ

ಪ್ರತಿ ಡೊಮೇನ್, ಅಂದರೆ ವೆಬ್‌ಸೈಟಿನ ನೋಂದಾಯಿತ ಹೆಸರಿನ ಹಿಂದೆ ಮೂರು ಪಕ್ಷಗಳಿವೆ. ಇವರನ್ನು ಬೇರೆ ಬೇರೆಯಾಗಿ ಗುರುತಿಸದೆ ಬರೆದ ಪತ್ರ ಕಸದ ಬುಟ್ಟಿಗೇ ಹೋಗುತ್ತದೆ.

ರಿಜಿಸ್ಟ್ರಿ ಅಂದರೆ ಆ ಕೊನೆಯ ಪದದ ಇಡೀ ಪಟ್ಟಿಯನ್ನು ಇಟ್ಟುಕೊಂಡವರು. ಡಾಟ್ ಇನ್‌ಗೆ ಅದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಡಾಟ್ ಕಾಮ್‌ಗೆ ವೆರಿಸೈನ್. ರಿಜಿಸ್ಟ್ರಾರ್ ಅಂದರೆ ಹೆಸರನ್ನು ಮಾರಿದ ಕಂಪನಿ. ಹೋಸ್ಟ್ ಅಂದರೆ ಸೈಟಿನ ಪುಟಗಳು ಕೂತಿರುವ ಸರ್ವರ್ ಬಾಡಿಗೆಗೆ ಕೊಟ್ಟವರು. ರಿಜಿಸ್ಟ್ರಾರ್ ಮತ್ತು ಹೋಸ್ಟ್ ಒಂದೇ ಕಂಪನಿ ಇರಬಹುದು, ಬೇರೆಯೂ ಇರಬಹುದು.

ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ಆನ್‌ಲೈನ್ ಮುಂತಾದವಕ್ಕೆ ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತಾರಾಷ್ಟ್ರೀಯ ಸಂಸ್ಥೆ ಐಕ್ಯಾನ್‌ನ ಹುಡುಕಾಟ ಪುಟದಲ್ಲಿ ಹೆಸರು ಹಾಕಿ. ಡಾಟ್ ಇನ್‌ಗೆ ಡಾಟ್ ಇನ್ ರಿಜಿಸ್ಟ್ರಿಯ ಹೂಇಸ್ ಪುಟ, ಅಂದರೆ ಹೆಸರು ಯಾರದು ಅಂತ ಹುಡುಕುವ ಪುಟ. ಮಾಲೀಕನ ಹೆಸರು ಬಹಳ ಸಲ ಮುಚ್ಚಿರುತ್ತದೆ. ಅದಕ್ಕೆ ಬೇಜಾರಾಗಬೇಡಿ. ನಿಮಗೆ ಬೇಕಾದದ್ದು ಬೇರೆ: ರಿಜಿಸ್ಟ್ರಾರ್ ಹೆಸರು, ದುರ್ಬಳಕೆ ದೂರಿನ ಇಮೇಲ್, ಹೆಸರು ನೋಂದಾಯಿಸಿದ ದಿನ, ಅವಧಿ ಮುಗಿಯುವ ದಿನ, ನೇಮ್ ಸರ್ವರ್‌ಗಳು (ಹೆಸರನ್ನು ಸೈಟಿನ ಸರ್ವರ್‌ಗೆ ಜೋಡಿಸುವ ಕಂಪ್ಯೂಟರ್‌ಗಳು). ಇವೆಲ್ಲ ಬರೆದುಕೊಳ್ಳಿ, ಚಿತ್ರವನ್ನೂ ತೆಗೆಯಿರಿ.

ನೋಂದಣಿ ದಿನ ಬಹಳ ಮಾತಾಡುತ್ತದೆ. ಸರ್ಕಾರ ಒಂದು ಯೋಜನೆ ಘೋಷಿಸಿದ ವಾರದಲ್ಲೇ ಅದೇ ಹೆಸರಿನ ಡೊಮೇನ್ ನೋಂದಣಿ ಆಗಿದ್ದರೆ ಅದನ್ನು ದೂರಿನಲ್ಲಿ ಎತ್ತಿ ತೋರಿಸಿ. ಹಾಗೇ ಒಂದು ಹೆಸರು ಹತ್ತು ವರ್ಷದಿಂದ ಯಾರದೋ ಕೈಯಲ್ಲಿದ್ದು, ನಿಮ್ಮ ಸಂಸ್ಥೆ ಹುಟ್ಟಿದ್ದೇ ಐದು ವರ್ಷದ ಹಿಂದಾದರೆ, ಮುಂದಿನ ವಾದ ಕಷ್ಟ.

ಹಂತ 5: ಮೋಸವೋ, ಬರೀ ಹೋಲಿಕೆಯೋ?

ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸದೆ ಮುಂದೆ ಹೋಗಬೇಡಿ. ಯಾವ ಬಾಗಿಲು ತಟ್ಟಬೇಕು ಅನ್ನುವುದು ಇದರ ಮೇಲೆಯೇ ನಿಂತಿದೆ.

ಮೋಸದ ಗುರುತುಗಳು ಹೀಗಿರುತ್ತವೆ. ನಾಲ್ಕು ಸಿಂಹದ ಲಾಂಛನ ಅಥವಾ ಇಲಾಖೆಯ ಲೋಗೋ ಬಳಸಿರುತ್ತಾರೆ. ಸರ್ಕಾರ ಕೊಡುವ ಸೇವೆಗೆ, ಉತಾರ (ಪಹಣಿ), ಜಾತಿ ಪ್ರಮಾಣಪತ್ರ, ನೇಮಕಾತಿ ಅರ್ಜಿ ಇಂಥವಕ್ಕೆ, "ಸರ್ಕಾರಿ ಶುಲ್ಕ" ಅಂತ ಹಣ ಕೇಳುತ್ತಾರೆ. ಆ ಹಣ ಖಾಸಗಿ ಯುಪಿಐ ಐಡಿಗೆ ಹೋಗುತ್ತದೆ. ಆಧಾರ್ ಮತ್ತು ಒಟಿಪಿ ಕೇಳುತ್ತಾರೆ. ಕಚೇರಿ ವಿಳಾಸ ಇರುವುದಿಲ್ಲ. ಪಾಸ್‌ಪೋರ್ಟ್ ಹೆಸರಿನಲ್ಲಿ ಡಾಟ್ ಆರ್ಗ್, ಡಾಟ್ ಕಾಮ್, ಡಾಟ್ ಇನ್ ಸೈಟುಗಳು ಹೀಗೇ ಹಣ ವಸೂಲಿ ಮಾಡುತ್ತಿವೆ ಅಂತ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತ್ತು.

ಈಗ ಇನ್ನೊಂದು ಕಡೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಊರಿನ ಹೆಸರಿಟ್ಟುಕೊಂಡ ಸುದ್ದಿ ಸೈಟು, ಉದ್ಯೋಗ ಮಾಹಿತಿ ಸೈಟು, ಬಾಡಿಗೆ ಮನೆ ಸೈಟು, ಕುಂದಾ ಮಾರುವ ಸೈಟು ಏನು ಬೇಕಾದರೂ ಇರಬಹುದು. ಊರಿನ ಹೆಸರು ಯಾರೊಬ್ಬರ ಆಸ್ತಿಯೂ ಅಲ್ಲ. ಬಾರ್ಸಿಲೋನಾ ಡಾಟ್ ಕಾಮ್ ಜಗಳ ಇದಕ್ಕೆ ಒಳ್ಳೆಯ ಉದಾಹರಣೆ. 2000ದಲ್ಲಿ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ತೀರ್ಪುಗಾರರು ಆ ಹೆಸರನ್ನು ಬಾರ್ಸಿಲೋನಾ ನಗರಸಭೆಗೆ ಕೊಡಬೇಕು ಅಂದರು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬರೀ ಊರ ಹೆಸರಿನ ಮೇಲೆ ನಗರಸಭೆಗೆ ಟ್ರೇಡ್‌ಮಾರ್ಕ್ ಹಕ್ಕಿಲ್ಲ ಅಂತ ಹೇಳಿ, ಹೆಸರನ್ನು ಖಾಸಗಿ ಕಂಪನಿಗೇ ಉಳಿಸಿತು.

ನಮ್ಮ ಕಡೆ ಹೆಸರಿನ ಗೊಂದಲ ಇನ್ನೂ ಜಾಸ್ತಿ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಹಳೆಯ ಹೆಸರು, ಹೊಸ ಹೆಸರು, ಇಂಗ್ಲಿಷ್‌ನಲ್ಲಿ ಬರೆಯುವ ನಾಲ್ಕಾರು ರೀತಿ ಎಲ್ಲ ಸೇರಿ ಒಂದೇ ಸಂಸ್ಥೆಗೆ ಹತ್ತು ವಿಳಾಸ ಸಾಧ್ಯ. ಬಾಗಲಕೋಟೆಯ ಜಿಲ್ಲಾ ಸೈಟಿನ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ಇ ಇಲ್ಲ, ಬಹಳ ಜನ ಸೇರಿಸಿ ಹೊಡೆಯುತ್ತಾರೆ. ಇನ್ನು ಬಿಜಾಪುರ ಅನ್ನುವ ಜಿಲ್ಲೆ ಛತ್ತೀಸ್‌ಗಢದಲ್ಲೂ ಇದೆ. ವಿಜಯಪುರ ಅನ್ನುವ ಪಟ್ಟಣ ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲೂ ಇದೆ. ದೂರು ಬರೆಯುವ ಮೊದಲು ಎದುರಿನವರು ಅಲ್ಲಿಯವರಲ್ಲ ಅಂತ ಖಚಿತ ಮಾಡಿಕೊಳ್ಳಿ.

ಹಾಗಾದರೆ ಸಾರ್ವಜನಿಕ ಸಂಸ್ಥೆಗೆ ಏನು ಬಲ ಇದೆ? ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯ್ದೆ 1950 ಇದೆ. ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸಬಾರದ ಹೆಸರುಗಳ ಪಟ್ಟಿ ಅದರಲ್ಲಿದೆ. ಕೇಂದ್ರ ಅಥವಾ ರಾಜ್ಯ ಸರ್ಕಾರದ ಆಶ್ರಯ ಇದೆ ಅಂತ ಅನ್ನಿಸುವ ಹೆಸರು ಆ ಪಟ್ಟಿಯಲ್ಲಿದೆ. ಸ್ಥಳೀಯ ಸಂಸ್ಥೆ ಅಥವಾ ಕಾನೂನಿನಡಿ ಸರ್ಕಾರ ರಚಿಸಿದ ಸಂಸ್ಥೆಯ ಜೊತೆ ಸಂಬಂಧ ಇದೆ ಅಂತ ಅನ್ನಿಸುವ ಹೆಸರೂ ಇದೆ. ಪಂಚಾಯಿತಿ, ಪಾಲಿಕೆ, ಪ್ರಾಧಿಕಾರಗಳಿಗೆ ಇದು ನೇರವಾಗಿ ಒಪ್ಪುತ್ತದೆ. ಆದರೂ ನಾನು ನೋಡಿದ ದೂರುಗಳಲ್ಲಿ ಈ ಕಾಯ್ದೆಯ ಹೆಸರೇ ಇರುವುದಿಲ್ಲ. ದಯವಿಟ್ಟು ಸೇರಿಸಿ. ನಾಲ್ಕು ಸಿಂಹದ ಲಾಂಛನ ಬಳಸಿದ್ದರೆ 2005ರ ರಾಷ್ಟ್ರ ಲಾಂಛನ ಕಾಯ್ದೆಯನ್ನೂ ಸೇರಿಸಿ.

ಹಂತ 6: ಮೋಸ ಇದ್ದರೆ, ಕೂಡಲೇ ನಿಲ್ಲಿಸುವ ದಾರಿ

ಇದರ ಗುರಿ ಸೈಟ್ ನಿಲ್ಲಿಸುವುದು. ಹೆಸರು ನಿಮ್ಮ ಕೈಗೆ ಬರುವುದು ಮುಂದಿನ ಹಂತ. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಎರಡೂ ಆಗುವುದಿಲ್ಲ.

ಮೊದಲು ಪೊಲೀಸ್. ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ಠಾಣೆಗೆ, ಲಿಖಿತ ದೂರು ಕೊಡಿ. ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಡಿ ಅಡಿ ಅಪರಾಧ. ಅದಕ್ಕೆ ಮೂರು ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 318 ವಂಚನೆಗೆ, 319 ಸೋಗು ಹಾಕಿ ವಂಚಿಸುವುದಕ್ಕೆ. ಕಲಂ ನಂಬರ್ ಬರೆಯುವುದಕ್ಕಿಂತ ಹಣ ಕಳೆದುಕೊಂಡವರ ವಿವರ, ಸಾಕ್ಷ್ಯದ ಪಟ್ಟಿ, ರಿಜಿಸ್ಟ್ರಾರ್ ಹೆಸರು ಬರೆಯುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಸ್ವೀಕೃತಿ ಪಡೆಯದೆ ಠಾಣೆಯಿಂದ ಹೊರಡಬೇಡಿ.

ಅದೇ ದಿನ ರಿಜಿಸ್ಟ್ರಾರ್‌ನ ದುರ್ಬಳಕೆ ವಿಭಾಗಕ್ಕೆ ಇಮೇಲ್ ಕಳಿಸಿ. ಐಕ್ಯಾನ್ ಒಪ್ಪಂದದ ಪ್ರಕಾರ 2024ರ ಏಪ್ರಿಲ್‌ನಿಂದ, ಫಿಶಿಂಗ್ (ಸೋಗು ಹಾಕಿ ಜನರ ಮಾಹಿತಿ, ಹಣ ಕದಿಯುವುದು) ಬಗ್ಗೆ ಕ್ರಮ ಕೈಗೊಳ್ಳಬಹುದಾದ ಸಾಕ್ಷ್ಯ ಸಿಕ್ಕರೆ ರಿಜಿಸ್ಟ್ರಾರ್ ತಡಮಾಡದೆ ತಡೆಯಲೇಬೇಕು. ಇದು ಡಾಟ್ ಕಾಮ್ ಥರದವಕ್ಕೆ. ಫಿಶಿಂಗ್ ಅನ್ನುವ ಪದ ಇಮೇಲಿನ ವಿಷಯದ ಸಾಲಿನಲ್ಲೇ ಇರಲಿ. "ನಮ್ಮ ಹೆಸರು ಕದ್ದಿದ್ದಾರೆ" ಅಂತ ಬರೆದರೆ "ಅದು ಟ್ರೇಡ್‌ಮಾರ್ಕ್ ಜಗಳ, ಕೋರ್ಟಿಗೆ ಹೋಗಿ" ಅಂತ ಜವಾಬು ಬರುತ್ತದೆ. "ಈ ಪುಟ ಇಂಥ ಸರ್ಕಾರಿ ಸಂಸ್ಥೆಯ ಸೋಗಿನಲ್ಲಿ ಜನರ ಆಧಾರ್ ಮತ್ತು ಹಣ ಪಡೆಯುತ್ತಿದೆ, ಪುಟದ ಪೂರ್ತಿ ವಿಳಾಸ ಇದು, ನಿಜವಾದ ವಿಳಾಸ ಇದು, ಚಿತ್ರಗಳು ಜೊತೆಗಿವೆ" ಅಂತ ಬರೆದರೆ ಅವರು ಓದುತ್ತಾರೆ. ಒಂದು ಪುಟ ಸಾಕು. ಇಂಗ್ಲಿಷ್‌ನಲ್ಲೇ ಬರೆಯಿರಿ. ಸಂಸ್ಥೆಯ ಹಿರಿಮೆ ವಿವರಿಸಲು ಹೋಗಬೇಡಿ.

ಹೋಸ್ಟ್‌ಗೂ ಅದೇ ಪತ್ರ. ಗೂಗಲ್‌ನ ಸುರಕ್ಷಿತ ಬ್ರೌಸಿಂಗ್ ವಿಭಾಗಕ್ಕೂ ಫಿಶಿಂಗ್ ಅಂತ ವರದಿ ಮಾಡಿ. ಅವರು ಒಪ್ಪಿದರೆ ಬ್ರೌಸರ್‌ನಲ್ಲಿ ಕೆಂಪು ಎಚ್ಚರಿಕೆ ಬರುತ್ತದೆ, ಸೈಟ್ ಮುಚ್ಚುವ ಮೊದಲೇ ಜನ ಉಳಿಯುತ್ತಾರೆ. ಸರ್ಟ್-ಇನ್‌ಗೂ ಇಮೇಲ್ ಮಾಡಿ. ನಿಜವಾದ ಡಾಟ್ ಗವ್ ಸೈಟಿನೊಳಗೇ ಯಾರೋ ಹೊಕ್ಕು ಜೂಜಿನ ಪುಟ ಸೇರಿಸಿದ್ದರೆ ಅದು ಡೊಮೇನ್ ಜಗಳವೇ ಅಲ್ಲ. ಆಗ ನೇರವಾಗಿ ಎನ್‌ಐಸಿ ಮತ್ತು ಸರ್ಟ್-ಇನ್.

ಜನರಿಗೆ ಪ್ರಕಟಣೆ ಕೊಡುವಾಗ ನಕಲಿ ಸೈಟಿನ ವಿಳಾಸವನ್ನು ಒತ್ತಬಹುದಾದ ಲಿಂಕ್ ಆಗಿ ಹಾಕಬೇಡಿ. ಚಿತ್ರದಲ್ಲಿ ತೋರಿಸಿ, ನಿಜವಾದ ವಿಳಾಸವನ್ನು ದೊಡ್ಡದಾಗಿ ಬರೆಯಿರಿ. ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್, ನಾಡಕಚೇರಿ, ಝೆರಾಕ್ಸ್ ಅಂಗಡಿಗಳಲ್ಲಿ ಅಂಟಿಸಿ. ಜನ ಅರ್ಜಿ ಹಾಕುವುದು ಅಲ್ಲಿಂದಲೇ ಅಲ್ವಾ?

ಹಂತ 7: ಡಾಟ್ ಇನ್ ಹೆಸರನ್ನು ವಾಪಸ್ ಪಡೆಯುವುದು

ಡಾಟ್ ಇನ್ ಹೆಸರುಗಳಿಗೆ ನಿಕ್ಸಿಯ ಐಎನ್‌ಡಿಆರ್‌ಪಿ ಅನ್ನುವ ವಿವಾದ ನೀತಿ ಇದೆ. ದೂರು ರಿಜಿಸ್ಟ್ರಿಗೆ ಕೊಡಬೇಕು, ಶುಲ್ಕ ಕಟ್ಟಬೇಕು. ರಿಜಿಸ್ಟ್ರಿ ಒಬ್ಬ ಮಧ್ಯಸ್ಥಗಾರರನ್ನು ನೇಮಿಸುತ್ತದೆ. ವಿಚಾರಣೆ 1996ರ ಮಧ್ಯಸ್ಥಿಕೆ ಕಾಯ್ದೆಯಡಿ ನಡೆಯುತ್ತದೆ, ಹೆಚ್ಚಾಗಿ ಕಾಗದಪತ್ರದ ಮೇಲೆಯೇ.

ಮೂರು ವಿಷಯ ಸಾಬೀತು ಮಾಡಬೇಕು. ಒಂದು, ಆ ಡೊಮೇನ್ ನಿಮಗೆ ಹಕ್ಕಿರುವ ಹೆಸರು ಅಥವಾ ಟ್ರೇಡ್‌ಮಾರ್ಕಿನ ಹಾಗೇ ಇದೆ, ಜನ ಗೊಂದಲಕ್ಕೆ ಬೀಳುತ್ತಾರೆ. ಎರಡು, ಎದುರಿನವನಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಾಗಲಿ ಆಸಕ್ತಿಯಾಗಲಿ ಇಲ್ಲ. ಮೂರು, ಹೆಸರು ನೋಂದಾಯಿಸಿದ್ದು ಅಥವಾ ಬಳಸುತ್ತಿರುವುದು ದುರುದ್ದೇಶದಿಂದ. ಮೂರರಲ್ಲಿ ಒಂದು ಬಿಟ್ಟರೂ ದೂರು ಬೀಳುತ್ತದೆ.

ಮೊದಲನೆಯದರಲ್ಲಿ "ಹೆಸರು" ಅನ್ನುವುದೂ ಇರುವುದನ್ನು ಗಮನಿಸಿ. ನೋಂದಾಯಿತ ಟ್ರೇಡ್‌ಮಾರ್ಕ್ ಇಲ್ಲದ ಸಾರ್ವಜನಿಕ ಸಂಸ್ಥೆಗೆ ಇದು ದೊಡ್ಡ ಅನುಕೂಲ. ಆದರೆ ಹಕ್ಕು ತೋರಿಸಬೇಕು: ಸ್ಥಾಪನಾ ಕಾಯ್ದೆ, ಗೆಜೆಟ್ ಅಧಿಸೂಚನೆ, ಹಳೆಯ ಪತ್ರಶಿರ, ಪತ್ರಿಕಾ ಪ್ರಕಟಣೆಗಳು, ಇಷ್ಟು ವರ್ಷದಿಂದ ಜನ ಇದೇ ಹೆಸರಿನಿಂದ ಕರೆಯುತ್ತಾರೆ ಅನ್ನುವ ಪುರಾವೆ. ಸಂಸ್ಥೆಯ ಪೂರ್ತಿ ಹೆಸರು ಅಥವಾ ಎಲ್ಲರಿಗೂ ಗೊತ್ತಿರುವ ಸಂಕ್ಷಿಪ್ತ ಹೆಸರಿನ ಮೇಲೆ ವಾದ ಕಟ್ಟಿ. ಊರ ಹೆಸರೊಂದರ ಮೇಲೆ ಕಟ್ಟಬೇಡಿ.

ಮೂರನೆಯದರಲ್ಲಿ "ಅಥವಾ" ಇರುವುದೂ ನಿಮ್ಮ ಪರವೇ. ಕೊಳ್ಳುವಾಗ ಒಳ್ಳೆಯ ಉದ್ದೇಶ ಇದ್ದು, ಆಮೇಲೆ ಮೋಸಕ್ಕೆ ಬಳಸಿದ್ದರೂ ಸಾಕು. ಹೆಸರನ್ನು ನಿಮಗೇ ದುಬಾರಿ ಬೆಲೆಗೆ ಮಾರಲು ಬಂದಿದ್ದರೆ ಆ ಇಮೇಲ್ ದುರುದ್ದೇಶಕ್ಕೆ ಗಟ್ಟಿ ಪುರಾವೆ. ಆದ್ದರಿಂದ ನೀವಾಗಿಯೇ "ಎಷ್ಟಕ್ಕೆ ಕೊಡ್ತೀರಿ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ವ್ಯಾಪಾರ ಶುರು ಮಾಡಿದ್ದು ನೀವು ಅಂತಾಗುತ್ತದೆ.

ನಿಯಮದ ಪ್ರಕಾರ ಮಧ್ಯಸ್ಥಿಕೆ ಶುರುವಾದ 60 ದಿನದಲ್ಲಿ ತೀರ್ಪು ಬರಬೇಕು, ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ. ಹೆಸರು ರದ್ದು ಮಾಡಬಹುದು, ನಿಮಗೆ ವರ್ಗಾಯಿಸಬಹುದು. ವರ್ಗಾವಣೆಯನ್ನೇ ಕೇಳಿ. ರದ್ದಾದ ಹೆಸರನ್ನು ನಾಳೆ ಇನ್ನೊಬ್ಬ ಕೊಳ್ಳಬಹುದು. ಗೆದ್ದ ಮೇಲೆ ಹೆಸರು ಯಾರ ಖಾತೆಗೆ ಬರಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಹಂತ 8: ಡಾಟ್ ಕಾಮ್ ಮತ್ತು ಇತರ ಹೆಸರುಗಳು

ಇಲ್ಲಿ ಐಕ್ಯಾನ್ 1999ರಲ್ಲಿ ತಂದ ಯುಡಿಆರ್‌ಪಿ ಅನ್ನುವ ವಿವಾದ ನೀತಿ ನಡೆಯುತ್ತದೆ. ದೂರು ಐಕ್ಯಾನ್‌ಗೆ ಕಳಿಸಬೇಡಿ, ಅವರು ವಿಚಾರಣೆ ಮಾಡುವುದಿಲ್ಲ. ವೈಪೋದಂಥ ಮಾನ್ಯತೆ ಪಡೆದ ಸಂಸ್ಥೆಗೆ ಕಳಿಸಬೇಕು. ವೈಪೋದಲ್ಲಿ ಒಬ್ಬ ತೀರ್ಪುಗಾರ, ಐದು ಹೆಸರಿನವರೆಗೆ, ಶುಲ್ಕ 1,500 ಡಾಲರ್. ಗ್ರಾಮ ಪಂಚಾಯಿತಿಗೆ ಇದು ಸಣ್ಣ ಮೊತ್ತ ಅಲ್ಲ, ಮೇಲಿನ ಇಲಾಖೆಯಿಂದ ಅನುಮೋದನೆ ಬೇಕಾಗುತ್ತದೆ. ಎದುರಿನವನಿಗೆ ಉತ್ತರ ಕೊಡಲು 20 ದಿನ ಇರುತ್ತದೆ.

ಡಾಟ್ ಇನ್‌ಗಿಂತ ಇದು ಬಿಗಿ. ಟ್ರೇಡ್‌ಮಾರ್ಕ್ ಅಥವಾ ಸೇವಾ ಗುರುತಿನ ಹಕ್ಕು ಬೇಕೇ ಬೇಕು. ನೋಂದಣಿ ಇಲ್ಲದಿದ್ದರೆ ಬಳಕೆಯಿಂದ ಬಂದ ಹಕ್ಕನ್ನು ದಾಖಲೆ ಸಮೇತ ತೋರಿಸಬೇಕು. ದುರುದ್ದೇಶ ನೋಂದಣಿಯಲ್ಲೂ ಇರಬೇಕು, ಬಳಕೆಯಲ್ಲೂ ಇರಬೇಕು. ಇಲ್ಲಿ "ಮತ್ತು" ಇದೆ. ಡಾಟ್ ಇನ್ ದೂರನ್ನೇ ನಕಲು ಮಾಡಿ ಇಲ್ಲಿ ಹಾಕಿದರೆ ಸೋಲುವುದು ಈ ಒಂದು ಪದದಿಂದ. ನಾಲ್ಕನೇ ಹಂತದಲ್ಲಿ ಬರೆದುಕೊಂಡ ನೋಂದಣಿ ದಿನ ಈಗ ಉಪಯೋಗಕ್ಕೆ ಬರುತ್ತದೆ.

ತೀರ್ಪು ನಿಮ್ಮ ಪರ ಬಂದರೂ 10 ಕೆಲಸದ ದಿನ ಕಾಯಬೇಕು. ಅಷ್ಟರಲ್ಲಿ ಎದುರಿನವನು ಕೋರ್ಟಿಗೆ ಹೋದರೆ ವರ್ಗಾವಣೆ ನಿಲ್ಲುತ್ತದೆ. ನಷ್ಟ ಪರಿಹಾರ ಇಲ್ಲಿ ಸಿಗುವುದಿಲ್ಲ.

ಹಂತ 9: ಕೋರ್ಟು ಯಾವಾಗ?

ಪರಿಹಾರ ಬೇಕಿದ್ದರೆ, ಒಬ್ಬನೇ ಹತ್ತಾರು ಹೆಸರು ಇಟ್ಟುಕೊಂಡಿದ್ದರೆ, ಅಥವಾ ಕೂಡಲೇ ತಡೆಯಾಜ್ಞೆ ಬೇಕಿದ್ದರೆ ಕೋರ್ಟು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಹಾಗೆ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಇಂಥ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹಾಕುವ ಹಾಗಿಲ್ಲ. ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ. ಬೌದ್ಧಿಕ ಆಸ್ತಿ ಪ್ರಕರಣ ನಡೆಸಿದ ವಕೀಲರನ್ನೇ ಹುಡುಕಿ.

ನೋಟಿಸ್ ನಿಮಗೇ ಬಂದಿದ್ದರೆ

ಸೈಟ್ ನಡೆಸುವ ಹುಡುಗರೂ ಇದನ್ನು ಓದುತ್ತಿರಬಹುದು. ಪರೀಕ್ಷೆ ತಯಾರಿ, ನೇಮಕಾತಿ ಸುದ್ದಿ, ಊರಿನ ಮಾಹಿತಿ ಕೊಡುವ ಸೈಟು ನಿಮ್ಮದಾಗಿದ್ದು, ಒಂದು ಕಚೇರಿಯಿಂದ ನೋಟಿಸ್ ಬಂದರೆ ಹೆದರಿ ರಾತ್ರೋರಾತ್ರಿ ಎಲ್ಲ ಅಳಿಸಬೇಡಿ. ಅದು ತಪ್ಪೊಪ್ಪಿಗೆಯ ಹಾಗೆ ಕಾಣುತ್ತದೆ, ನಿಮ್ಮ ಪರವಾದ ಸಾಕ್ಷ್ಯವೂ ಹೋಗುತ್ತದೆ. ಮೊದಲು ಇಡೀ ಸೈಟಿನ ಬ್ಯಾಕಪ್ ತೆಗೆಯಿರಿ.

ಆಮೇಲೆ ಸರ್ಕಾರಿ ಲಾಂಛನ, ಲೋಗೋ, "ಅಧಿಕೃತ" ಅನ್ನುವ ಪದ ಇದ್ದರೆ ತೆಗೆಯಿರಿ. ಇದು ಖಾಸಗಿ ಸೈಟ್ ಅನ್ನುವ ಸಾಲನ್ನು ಮುಖಪುಟದ ಮೇಲ್ಭಾಗದಲ್ಲಿ ಹಾಕಿ, ನಿಜವಾದ ಸೈಟಿನ ಲಿಂಕ್ ಕೊಡಿ. ಉತ್ತರ ಕೊಡುವ ಕೊನೆಯ ದಿನ ತಪ್ಪಿಸಬೇಡಿ. ಮಧ್ಯಸ್ಥಿಕೆಯಲ್ಲಿ ಎದುರಿನವರ ಮಾತಷ್ಟೇ ಕಡತದಲ್ಲಿದ್ದರೆ ತೀರ್ಪು ಅದರ ಮೇಲೇ ಬರುತ್ತದೆ. ಎಷ್ಟು ವರ್ಷದಿಂದ, ಯಾವ ಉದ್ದೇಶಕ್ಕೆ ಸೈಟ್ ನಡೆಸುತ್ತಿದ್ದೀರಿ ಅನ್ನುವುದನ್ನು ದಾಖಲೆ ಸಮೇತ ಬರೆಯಿರಿ. ಹೆಸರನ್ನು ಮಾರುತ್ತೇನೆ ಅಂತ ಮಾತ್ರ ಬರೆಯಬೇಡಿ.

ಹಂತ 10: ಗೆದ್ದ ಹೆಸರು, ಹಳೆಯ ಹೆಸರು ಮತ್ತೆ ಕೈತಪ್ಪದ ಹಾಗೆ

ನಕಲಿ ಸೈಟುಗಳಿಗೆ ಸುಲಭದ ದಾರಿ ನೀವೇ ಬಿಟ್ಟುಕೊಟ್ಟ ಹಳೆಯ ಹೆಸರು. ಕಚೇರಿ ಹೊಸ ಡಾಟ್ ಗವ್ ವಿಳಾಸಕ್ಕೆ ಹೋಗುತ್ತದೆ, ಹಳೆಯ ಡಾಟ್ ಕಾಮ್ ಅಥವಾ ಡಾಟ್ ಆರ್ಗ್ ನವೀಕರಣ ಮರೆತುಹೋಗುತ್ತದೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಮೇಲೆ ನಿಂತ 45 ದಿನದವರೆಗಿನ ರಿಯಾಯಿತಿ, ಹೆಸರು ಅಳಿಸಿದ ಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳುವ 30 ದಿನ, ಕೊನೆಗೆ ಹೆಸರು ಪೂರ್ತಿ ಅಳಿಯುವ ಮೊದಲು 5 ದಿನ ಇರುತ್ತವೆ. ಅದೂ ಮುಗಿದರೆ ಯಾರು ಬೇಕಾದರೂ ಕೊಳ್ಳಬಹುದು. ಶಾಲಾ ಗೋಡೆ, ರಸೀದಿ, ಹಳೆಯ ಸುತ್ತೋಲೆಗಳಲ್ಲಿ ಆ ವಿಳಾಸ ಇನ್ನೂ ಇರುತ್ತದೆ. ಕೊಂಡವನಿಗೆ ಜನ ತಾವಾಗಿಯೇ ಬಂದು ಸಿಗುತ್ತಾರೆ.

ಹಾಗಾಗಿ ಕಚೇರಿಯ ಕಡತದಲ್ಲಿ ಒಂದು ಪುಟ ಮಾಡಿ. ಹಳೆಯದೂ ಹೊಸದೂ ಸೇರಿ ಸಂಸ್ಥೆಯ ಎಲ್ಲ ಡೊಮೇನ್ ಹೆಸರು, ರಿಜಿಸ್ಟ್ರಾರ್, ಅವಧಿ ಮುಗಿಯುವ ದಿನ, ಯಾವ ಇಮೇಲ್‌ನಿಂದ ಕೊಂಡದ್ದು ಅಂತ ಬರೆಯಿರಿ. ಆ ಇಮೇಲ್ ಯಾವ ನೌಕರನ ವೈಯಕ್ತಿಕ ವಿಳಾಸವೂ ಆಗಿರಬಾರದು, ಸೈಟ್ ಮಾಡಿಕೊಟ್ಟ ಹುಡುಗನದ್ದಂತೂ ಬೇಡವೇ ಬೇಡ. ವರ್ಗಾವಣೆ ಆದಾಗ ಚಾರ್ಜ್ ಪಟ್ಟಿಯಲ್ಲಿ ಬೀಗದ ಕೈಗಳ ಜೊತೆ ಈ ಪುಟವೂ ಹೋಗಲಿ. ಹಳೆಯ ಹೆಸರನ್ನು ಇನ್ನೂ ಕೆಲವು ವರ್ಷ ನವೀಕರಿಸಿ, ಅಲ್ಲಿಂದ ಹೊಸ ವಿಳಾಸಕ್ಕೆ ತಿರುಗಿಸಿ. ಬೆಳಗಾಂ, ಬಿಜಾಪುರ ಕಾಲದ ಹೆಸರುಗಳು ನಿಮ್ಮ ಬಳಿ ಇನ್ನೂ ಇದ್ದರೆ ಇವತ್ತೇ ಅವುಗಳ ಅವಧಿ ನೋಡಿ.